ನನ್ನ ಕೆಳಗೆ ಎಷ್ಟು ಜನ?

ಅಮೆರಿಕದಲ್ಲಿ ಸರಕು ವಿಮಾನ ಹಾರಿಸುವ ಇಬ್ಬರು ಪೈಲಟ್‌ಗಳು ಮೊದಲ ಸಲ ಭೇಟಿಯಾದರೆ, ಹೆಸರಿನ ಹಿಂದೆಯೇ ಬರುವ ಪ್ರಶ್ನೆ ಕಂಪನಿ ಸೇರಿದ ತಾರೀಖಿನದು. ಯಾವ ವಿಮಾನ, ಯಾವ ಹಬ್ (ಸರಕು ಒಟ್ಟುಗೂಡಿ ಬೇರೆಡೆಗೆ ಹೊರಡುವ ಕೇಂದ್ರ ನಿಲ್ದಾಣ), ಕ್ರಿಸ್‌ಮಸ್‌ಗೆ ರಜೆ ಉಂಟೋ ಇಲ್ಲವೋ, ಕ್ಯಾಪ್ಟನ್ ಆಗುವುದು ಯಾವ ಕಾಲಕ್ಕೆ, ಎಲ್ಲವನ್ನೂ ಆ ತಾರೀಖೇ ನಿರ್ಧರಿಸುತ್ತದೆ. ಒಂದೇ ದಿನ ಸೇರಿದವರ ನಡುವೆ ವಯಸ್ಸು ನೋಡುವ ಕಂಪನಿಗಳಿವೆ. ನಮ್ಮದೂ ಹಾಗೆಯೇ. ನನಗಿಂತ ಹನ್ನೊಂದು ದಿನ ಮೊದಲು ಹುಟ್ಟಿದ ಸಹೋದ್ಯೋಗಿಯೊಬ್ಬ ಸೇವಾ ಹಿರಿತನದ ಪಟ್ಟಿಯಲ್ಲಿ ನನ್ನ ತಲೆಯ ಮೇಲೆಯೇ ಕೂತಿದ್ದಾನೆ. ನಾನು ಎಷ್ಟೇ ಚೆನ್ನಾಗಿ ಹಾರಿಸಿದರೂ ಅವನು ನಿವೃತ್ತನಾಗುವವರೆಗೆ ಅಲ್ಲಿಯೇ ಇರುತ್ತಾನೆ.

ಒಳ್ಳೆಯ ಕಾಲದಲ್ಲಿ ಈ ಪಟ್ಟಿಯನ್ನು ಮೇಲಿನಿಂದ ಓದುತ್ತೇವೆ. ವ್ಯಾಪಾರ ಕುಸಿದು ಕಂಟೇನರ್‌ಗಳು ಅರ್ಧ ಖಾಲಿ ಹೊರಡತೊಡಗಿದಾಗ ಎಲ್ಲರೂ ಕೆಳಗಿನಿಂದ ಎಣಿಸತೊಡಗುತ್ತಾರೆ. ಫರ್ಲೋ, ಅಂದರೆ ಸಂಬಳವಿಲ್ಲದೆ ಮನೆಗೆ ಕಳುಹಿಸುವುದು, ಶುರುವಾಗುವುದು ಪಟ್ಟಿಯ ತಳದಿಂದ. ಕೊನೆಗೆ ಬಂದವನು ಮೊದಲು ಹೊರಗೆ. ಮತ್ತೆ ಕರೆಯುವಾಗಲೂ ಅದೇ ಪಟ್ಟಿಯ ಕ್ರಮ.

ಭಾರತದಲ್ಲಿ ಹಾರಿಸುತ್ತಿದ್ದಾಗ ನನಗೆ ಇಂಥ ಲೆಕ್ಕ ಗೊತ್ತಿರಲಿಲ್ಲ. ಅಲ್ಲಿ ಅಪಾಯದ ಮೊದಲ ಸುಳಿವು ತಿಂಗಳ ಸಂಬಳದ ತಾರೀಖು ಜಾರುವುದು. ಒಂದನೆಯ ತಾರೀಖಿನದು ಹತ್ತಕ್ಕೆ, ಹತ್ತರದು ಮುಂದಿನ ತಿಂಗಳಿಗೆ. ಮಧ್ಯೆ ಬರೀ ವದಂತಿ. ಹೊಸ ಹೂಡಿಕೆದಾರ ಬರುತ್ತಾನಂತೆ, ಬ್ಯಾಂಕು ಒಪ್ಪಿತಂತೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ಮತ್ತೊಂದು ತಿಂಗಳು ಹಾರಿಸುವುದು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಹಿರಿಯ ಕಮಾಂಡರನೂ ನಿನ್ನೆ ಸೇರಿದ ಹುಡುಗನೂ ಬಾಕಿ ಸಂಬಳಕ್ಕೆ ಒಂದೇ ಸಾಲಿನಲ್ಲಿ ನಿಂತರು. ಸರಕಿನ ಲೋಕದಲ್ಲಿಯೂ ಅಷ್ಟೆ. ನಮ್ಮವರೇ ಆದ ಕ್ಯಾಪ್ಟನ್ ಗೋಪಿನಾಥ್ ನಾಗಪುರವನ್ನು ಹಬ್ ಮಾಡಿಕೊಂಡು 2009ರಲ್ಲಿ ಆರಂಭಿಸಿದ ಡೆಕ್ಕನ್ 360 ಎರಡು ವರ್ಷ ದಾಟುವುದೇ ಕಷ್ಟವಾಯಿತು.

2008ರ ಕೊನೆಯ ತಿಂಗಳುಗಳು ನನಗೆ ಪದೇ ಪದೇ ನೆನಪಾಗುತ್ತವೆ. ಆ ಅಕ್ಟೋಬರ್‌ನಲ್ಲಿ ಜೆಟ್ ಸುಮಾರು 1,900 ಮಂದಿಯನ್ನು ತೆಗೆದುಹಾಕಲು ಹೊರಟಿತು. ಹೆಚ್ಚಿನವರು ಕ್ಯಾಬಿನ್ ಸಿಬ್ಬಂದಿ. ಸಮವಸ್ತ್ರದಲ್ಲಿಯೇ ಬೀದಿಗೆ ಬಂದು ಅತ್ತರು, ರಾಜಕಾರಣಿಗಳು ಗುಡುಗಿದರು. ಮಾಲೀಕರು ಮನಸ್ಸು ಕರಗಿತೆಂದು ಎಲ್ಲರನ್ನೂ ವಾಪಸ್ ಕರೆದರು. ಮುಂದಿನ ತಿಂಗಳು, ನವೆಂಬರ್ 10ರಂದು, ಕೊರಿಯರ್ ಕಂಪನಿ ಡಿಎಚ್‌ಎಲ್ ತನ್ನ ಅಮೆರಿಕದೊಳಗಿನ ಎಕ್ಸ್‌ಪ್ರೆಸ್ ಸೇವೆ ಜನವರಿ 30ಕ್ಕೆ ಮುಗಿಯಲಿದೆ ಎಂದು ಪ್ರಕಟಿಸಿತು. ಒಹಾಯೊದ ವಿಲ್ಮಿಂಗ್ಟನ್ ಎಂಬ ಪುಟ್ಟ ಪಟ್ಟಣ ಅಲ್ಲಿದ್ದ ಡಿಎಚ್‌ಎಲ್ ಹಬ್ ಅನ್ನೇ ನಂಬಿಕೊಂಡಿತ್ತು. ಅಲ್ಲಿಯೂ ಕಣ್ಣೀರು ಹರಿಯಿತು, ರಾಜಕಾರಣಿಗಳೂ ಬಂದುಹೋದರು. ಯಾರ ಮನಸ್ಸೂ ಕರಗಲಿಲ್ಲ, ಅಥವಾ ಕರಗಿದರೂ ತೀರ್ಮಾನ ಬದಲಾಗಲಿಲ್ಲ.

ಎಬಿಎಕ್ಸ್, ಆಸ್ಟಾರ್ ಕಂಪನಿಗಳ ಪೈಲಟ್‌ಗಳು ಡಿಎಚ್‌ಎಲ್‌ನ ಸರಕನ್ನೇ ನೆಚ್ಚಿದ್ದವರು. ದೋಣಿಯೇ ತಳ ಬಿಟ್ಟಾಗ ಪಟ್ಟಿಯ ಮೇಲ್ತುದಿಯಲ್ಲಿದ್ದು ಏನು ಬಂತು? ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವನು ಬೇರೆ ಕಂಪನಿಗೆ ಹೋದರೆ ಅಲ್ಲಿ ತಳದ ಸಂಖ್ಯೆ, ತಳದ ಸಂಬಳ, ನಡುರಾತ್ರಿಯ ಪಾಳಿ. ಅನುಭವವನ್ನು ಯಾರೂ ಕಸಿಯುವುದಿಲ್ಲ, ಅದಕ್ಕೆ ಬೆಲೆಯನ್ನೂ ಕಟ್ಟುವುದಿಲ್ಲ.

ಆದ್ದರಿಂದ, ಭಾರತದಲ್ಲಿ ಇಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂದು ಬಾಂಡ್ ಬರೆಸಿಕೊಳ್ಳುತ್ತಾರೆ, ಅಮೆರಿಕದಲ್ಲಿ ಪೈಲಟ್ ಸ್ವತಂತ್ರ ಎಂದು ಯಾರಾದರೂ ಹೇಳಿದರೆ ನಗು ಬರುತ್ತದೆ. ಭಾರತದ ವಿಮಾನಯಾನ ನಿರ್ದೇಶನಾಲಯ 2017ರಲ್ಲಿ ಕಮಾಂಡರ್‌ಗಳಿಗೆ ಒಂದು ವರ್ಷದ, ಸಹಚಾಲಕರಿಗೆ ಆರು ತಿಂಗಳ ನೋಟಿಸ್ ಅವಧಿ ವಿಧಿಸಿತು. ಕಂಪನಿ ತಿಂಗಳುಗಟ್ಟಲೆ ಸಂಬಳ ತಡೆಯಬಹುದು, ಪೈಲಟ್ ಮಾತ್ರ ವರ್ಷವಿಡೀ ಕಾಯಬೇಕು! ನನಗೆ ಅದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಇಲ್ಲಿನ ಹಿರಿತನವೂ ಬಾಂಡೇ. ಸಹಿ ಹಾಕಿಸಿಕೊಳ್ಳದ ಬಾಂಡ್, ವರ್ಷ ಕಳೆದಂತೆ ಬಿಗಿಯಾಗುವ ಬಾಂಡ್. ಹತ್ತು ವರ್ಷವಾದ ಮೇಲೆ ಬಾಗಿಲು ತೆರೆದಿಟ್ಟರೂ ಯಾರೂ ಹೊರಗೆ ಕಾಲಿಡುವುದಿಲ್ಲ.

ಪಟ್ಟಿ ನ್ಯಾಯವಾದದ್ದು ಎಂಬ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮೇಲಧಿಕಾರಿಯ ಮುಖ ನೋಡಿ ನಗಬೇಕಾಗಿಲ್ಲ, ಅದು ದೊಡ್ಡ ನೆಮ್ಮದಿ. ಆದರೆ ಅದರ ಭಾರವೆಲ್ಲ ಕಿರಿಯರ ಹೆಗಲಿಗೆ. 2007ರ ಡಿಸೆಂಬರ್‌ನಲ್ಲಿ ಅಮೆರಿಕ ಪೈಲಟ್‌ಗಳ ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿತು. ಸರಿಯಾಗಿ ಆರ್ಥಿಕ ಹಿಂಜರಿತದ ಹೊಸ್ತಿಲಿನಲ್ಲಿ. ಹಿರಿಯರು ಐದು ವರ್ಷ ಹೆಚ್ಚು ಕೂತರು, ಕಿರಿಯರು ಇದ್ದಲ್ಲೇ ಉಳಿದರು.

ಅದೇ ಹಿಂಜರಿತದಲ್ಲಿ ಎರಡು ದೊಡ್ಡ ಕಂಪನಿಗಳು ಎರಡು ದಾರಿ ಹಿಡಿದವು. ಫೆಡ್‌ಎಕ್ಸ್ 2009ರಲ್ಲಿ ಪೈಲಟ್‌ಗಳಿಗೆ ಖಾತರಿಯಾಗಿದ್ದ ತಿಂಗಳ ಸಂಬಳದ ಕನಿಷ್ಠ ಗಂಟೆಗಳನ್ನು ಇಳಿಸಿತು, ಯಾರನ್ನೂ ಫರ್ಲೋ ಮಾಡಲಿಲ್ಲ. ಎಲ್ಲರೂ ಗೊಣಗಿದರು, ಎಲ್ಲರ ಜೇಬೂ ಸ್ವಲ್ಪ ಸ್ವಲ್ಪ ಹರಿಯಿತು. ಯುಪಿಎಸ್‌ನ ಪೈಲಟ್‌ಗಳು ಕಿರಿಯರನ್ನು ಉಳಿಸಲೆಂದು ತಾವಾಗಿಯೇ ರಜೆ ಹಾಕಿದರು, ಗಂಟೆ ಬಿಟ್ಟುಕೊಟ್ಟರು. ಆದರೂ ಕಂಪನಿ 2010ರಲ್ಲಿ 300 ಜನರನ್ನು ಕಳುಹಿಸುವುದಾಗಿ ಹೇಳಿ, ಕೊನೆಗೆ 109 ಜನರನ್ನು ಕಳುಹಿಸಿತು. ನನ್ನ ಮತ ಗಂಟೆ ಇಳಿಸುವ ದಾರಿಗೆ. ತಳದಲ್ಲಿರುವವನ ಮತ ಅದಲ್ಲದೆ ಬೇರೇನಿರುತ್ತದೆ ಎಂದು ನೀವು ಕೇಳಬಹುದು. ಕೇಳಿ.

ಸರಕಿನವರಿಗೆ ಇನ್ನೊಂದು ವಿಚಿತ್ರ ಕಷ್ಟವಿದೆ. ಲೋಕದ ಚಕ್ರ ತಿರುಗಿದ ದಿಕ್ಕಿಗೆ ನಮ್ಮದು ತಿರುಗುವುದಿಲ್ಲ. 2020ರಲ್ಲಿ ಪ್ರಯಾಣಿಕರ ವಿಮಾನಗಳು ಸಾಲಾಗಿ ನಿಂತಾಗ ನಮಗೆ ಬಿಡುವೇ ಇರಲಿಲ್ಲ. ಆ ಭರಾಟೆಯಲ್ಲಿ ಸೇರಿಸಿಕೊಂಡವರೇ 2023ರ ಹೊತ್ತಿಗೆ ಹೆಚ್ಚಾಗಿಬಿಟ್ಟರು. ಫೆಡ್‌ಎಕ್ಸ್ ತನ್ನ ಪೈಲಟ್‌ಗಳಿಗೆ ಪ್ರಯಾಣಿಕರನ್ನು ಒಯ್ಯುವ ಸಣ್ಣ ಪ್ರಾದೇಶಿಕ ಕಂಪನಿಯೊಂದರ ಕೆಲಸವನ್ನು ಪರಿಶೀಲಿಸುವಂತೆ ಸೂಚಿಸಿದ್ದೂ ಅದೇ ವರ್ಷ. ಅಗಲ ದೇಹದ ವಿಮಾನ ಹಾರಿಸಿದವನಿಗೆ ಆ ಪತ್ರ ಹೇಗೆ ಕಂಡಿರಬೇಡ.

ನಮ್ಮ ಕಂಪನಿಯ ಹೊಸ ಪಟ್ಟಿ ಕಳೆದ ವಾರ ಬಂತು. ಹನ್ನೊಂದು ದಿನ ದೊಡ್ಡವನು ಅಂದು ರಾತ್ರಿಯೇ ಫೋನ್ ಮಾಡಿದ. ಅವನೂ ಕೆಳಗಿನಿಂದ ಎಣಿಸಿ ಮುಗಿಸಿದ್ದ. ಗಂಟೆ ಇಳಿಸುವ ಪ್ರಸ್ತಾಪ ಮತಕ್ಕೆ ಬಂದರೆ ಒಪ್ಪುತ್ತೀಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಫರ್ಲೋದ ಗೆರೆ ಪಟ್ಟಿಯಲ್ಲಿ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗಲಿ, ಆಮೇಲೆ ಹೇಳುತ್ತೇನೆ ಎಂದ.