ಉರುಳಿದ ಮಾವಿನ ಮರ ವರದಿಯಲ್ಲಿ ಹೂ ಬಿಟ್ಟಿದೆ

ಕಾರವಾರದಲ್ಲಿರುವ ನಮ್ಮ ವಸತಿ ಸಮುಚ್ಚಯದ ಹಿಂಬದಿಯ ಕಾಂಪೌಂಡಿಗೆ ತಾಗಿ ಒಂದು ಮುದಿ ಮಾವಿನ ಮರವಿತ್ತು. ಈ ವರ್ಷ ಜೂನ್ ತಿಂಗಳ ಗಾಳಿಮಳೆಗೆ ಅದು ಬುಡಸಮೇತ ಉರುಳಿ, ಹತ್ತಡಿ ಗೋಡೆಯನ್ನೂ ತನ್ನೊಡನೆ ಕೆಡವಿತು. ಮರವನ್ನು ಕಡಿದು ಸಾಗಿಸಿದ್ದಾಯಿತು, ಅದರ ಕೂಲಿಯನ್ನು ಮನೆಗಿಷ್ಟೆಂದು ಹಂಚಿಕೊಂಡದ್ದೂ ಆಯಿತು. ಆದರೆ ನಿರ್ವಹಣಾ ಸಂಸ್ಥೆಯವರು ಕಳಿಸಿದ ಆಗಸ್ಟ್ ತಿಂಗಳ ಸ್ಥಳ ಪರಿಶೀಲನಾ ವರದಿಯ ನಾಲ್ಕನೆಯ ಪುಟದಲ್ಲಿ, ತಾರಸಿಯ ಫೋಟೋದ ಹಿನ್ನೆಲೆಯಲ್ಲಿ, ಅದೇ ಮರ ನಿಂತಿದೆ. ನಿಂತಿರುವುದಷ್ಟೇ ಅಲ್ಲ, ಮೈತುಂಬ ಹೂ ಬಿಟ್ಟಿದೆ. ತಾರಸಿಯ ಮೇಲೆ ಒಂದು ಹನಿ ನೀರಿಲ್ಲ, ಟ್ಯಾಂಕಿನ ನೆರಳು ಬಿಸಿಲಿಗೆ ಚೂಪಾಗಿ ಬಿದ್ದಿದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಹೊಯ್ಯುವ ಊರಿನಲ್ಲಿ, ಆಗಸ್ಟ್ ತಿಂಗಳಲ್ಲಿ ಒಣ ತಾರಸಿಯನ್ನೂ ಮಾವಿನ ಹೂವನ್ನೂ ಒಟ್ಟಿಗೆ ಕಂಡ ಆ ಪರಿಶೀಲಕರಿಗೆ ನಾನು ಸಾಷ್ಟಾಂಗ ನಮಸ್ಕಾರ ಮಾಡಬೇಕು.

ಫೋಟೋದ ಕೆಳಗೆ ಬರೆದದ್ದು ಇಷ್ಟು: "ತಾರಸಿ, ಸೋರಿಕೆ ಇಲ್ಲ, ತೃಪ್ತಿಕರ." ಆ ಸಾಲನ್ನು ನಾನು ಓದಿದಾಗ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಸ್ಟೀಲ್ ಬಕೆಟ್ ಇತ್ತು, ಸೂರಿನಿಂದ ಅದಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ನಾವಿರುವುದು ಮೇಲಿನ ಮಹಡಿಯಲ್ಲಿ.

ಕಾಗದದ ಮೇಲೆ ಈ ವ್ಯವಸ್ಥೆಗೆ ಯಾವ ಕೊರತೆಯೂ ಇಲ್ಲವೆಂಬುದೇ ನನ್ನ ಕೋಪಕ್ಕೆ ದೊಡ್ಡ ಕಾರಣ. ನಮ್ಮ ಮೂವತ್ತಾರು ಮನೆಗಳಲ್ಲಿ ಅರ್ಧದಷ್ಟರ ಮಾಲೀಕರು ಮುಂಬಯಿಯಲ್ಲೋ ಗೋವಾದಲ್ಲೋ ಇದ್ದಾರೆ. ಇಲ್ಲಿಯೇ ವಾಸಿಸುವವರಲ್ಲೂ ಬೆಳಕು ಹರಿಯುವ ಹೊತ್ತಿಗೆ ಕೈಗಾಕ್ಕೋ ನೌಕಾನೆಲೆಗೋ ಬಸ್ಸು ಹತ್ತಿ ಹೋಗುವವರೇ ಹೆಚ್ಚು. ಆದ್ದರಿಂದ ಎರಡು ವರ್ಷದ ಹಿಂದೆ ಸಂಸ್ಥೆಯೊಂದಕ್ಕೆ ನಿರ್ವಹಣೆ ಒಪ್ಪಿಸಿದಾಗ, ಪ್ರತಿ ತಿಂಗಳೂ ಅದರ ಪರಿಶೀಲಕರು ಕಟ್ಟಡ ಸುತ್ತಿ, ನಲವತ್ತೆರಡು ಅಂಶಗಳ ಪಟ್ಟಿಯನ್ನು ಭರ್ತಿ ಮಾಡಿ, ಫೋಟೋ ಸಹಿತ ವರದಿ ಕೊಡಬೇಕು, ಆ ವರದಿಯನ್ನು ನೋಡಿಯೇ ಸಮಿತಿಯವರು ಹಣ ಪಾವತಿ ಮಾಡಬೇಕು ಎಂದು ಕರಾರಿನಲ್ಲಿ ಬರೆಸಿದೆವು. ಬರೆಸಿದವರಲ್ಲಿ ನಾನೂ ಒಬ್ಬ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಕೆಲಸ ಮಾಡುವವರ ಕೈಗೇ ಕೆಲಸದ ಅಂಕಪಟ್ಟಿಯನ್ನೂ ಕೊಡುತ್ತಿದ್ದೇವೆಂಬುದು ಅಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಾವಿನ ಹೂ ಕಂಡ ಮೇಲೆ, ಒಂದು ಭಾನುವಾರ ಹಿಂದಿನ ಹದಿನಾಲ್ಕು ತಿಂಗಳ ವರದಿಗಳನ್ನೆಲ್ಲ ಮುದ್ರಿಸಿಕೊಂಡು ಊಟದ ಮೇಜಿನ ಮೇಲೆ ಸಾಲಾಗಿ ಹರಡಿದೆ. ನಲವತ್ತೆರಡು ಅಂಶಗಳಲ್ಲಿ ನಲವತ್ತೊಂದಕ್ಕೆ ಹದಿನಾಲ್ಕು ತಿಂಗಳೂ "ತೃಪ್ತಿಕರ" ಎಂಬ ಚೌಕದಲ್ಲೇ ಗುರುತು ಬಿದ್ದಿದೆ. ಉಳಿದ ಒಂದು, ಗೇಟಿನ ಬಳಿಯ ಹೂಕುಂಡಗಳು, ಎರಡು ಬಾರಿ "ಸಾಧಾರಣ" ಎನಿಸಿಕೊಂಡಿವೆ. ಪಾಪ, ಅವುಗಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. "ಹಿಂದಿನ ತಿಂಗಳ ಬಾಕಿ ದೋಷಗಳು" ಎಂಬ ಅಂಕಣ ಹದಿನಾಲ್ಕು ವರದಿಗಳಲ್ಲೂ ಖಾಲಿಯಾಗಿದೆ. ದೋಷವನ್ನೇ ಬರೆಯದಿದ್ದರೆ ಬಾಕಿ ಉಳಿಯುವ ಪ್ರಶ್ನೆಯೇ ಬರುವುದಿಲ್ಲವಲ್ಲ.

ಜುಲೈ ತಿಂಗಳ ವರದಿಯಲ್ಲಿ "ಮೆಟ್ಟಿಲುಗಳು, ಸ್ವಚ್ಛ, ತೃಪ್ತಿಕರ" ಎಂದಿದೆ. ಅದೇ ಜುಲೈಯಲ್ಲಿ ಹಿಂಬದಿಯ ಮೆಟ್ಟಿಲ ಮೇಲೆ ಬೆಳೆದಿದ್ದ ಹಸಿರು ಪಾಚಿಗೆ ಕಾಲು ಜಾರಿ, ನಮ್ಮ ಕೆಳಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡರು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಪಾಚಿ ಯಾರಿಗೂ ಹೊಸದಲ್ಲ. ಬ್ಲೀಚಿಂಗ್ ಪುಡಿ ಹಾಕಿ ಪೊರಕೆಯಿಂದ ತಿಕ್ಕಿದರೆ ಒಂದು ಬೆಳಗಿನ ಕೆಲಸ. ವರದಿಯಲ್ಲಿ "ಪಾಚಿ ಇದೆ" ಎಂಬ ಎರಡು ಪದಗಳಿದ್ದರೂ ಸಾಕಿತ್ತು, ಯಾರಾದರೊಬ್ಬರು ಪೊರಕೆ ಹಿಡಿಯುತ್ತಿದ್ದರು.

ಬೆಂಕಿ ನಂದಿಸುವ ಸಿಲಿಂಡರುಗಳ ಮುಂದೆಯೂ ಅದೇ ಗುರುತು. ನಾನೇ ಮಹಡಿಯಿಂದ ಮಹಡಿಗೆ ಹೋಗಿ ನೋಡಿದೆ. ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯೊಳಗಿರಬೇಕು, ಮೂರು ಸಿಲಿಂಡರುಗಳಲ್ಲಿ ಅದು ಕೆಂಪಿಗಿಳಿದು ಕೂತಿತ್ತು. ಜನರೇಟರಿನ ಡೀಸೆಲ್ ಲೆಕ್ಕ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಆದರೆ ಅದು ಓಡಿದ ಗಂಟೆಗಳನ್ನು ತೋರಿಸುವ ಮೀಟರಿನ ಅಂಕಿ ಒಂದೇ ಒಂದು ವರದಿಯಲ್ಲೂ ಇಲ್ಲ. ಲಿಫ್ಟಿನ ವಿಷಯದಲ್ಲಂತೂ ರಾಜ್ಯದಲ್ಲಿ 2012ರ ಕಾಯ್ದೆಯೇ ಇದೆ, ಪರವಾನಗಿ ಬೇಕು. ನಮ್ಮ ವರದಿಯಲ್ಲಿ ಆ ಪರವಾನಗಿಯ ಸಂಖ್ಯೆಯೂ ಇಲ್ಲ, ಅವಧಿಯೂ ಇಲ್ಲ, "ಲಿಫ್ಟ್, ತೃಪ್ತಿಕರ" ಎಂಬುದೊಂದಿದೆ.

ಇವೆಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿರುವುದು ನೆಲಮಹಡಿಯ ಕಾರು ನಿಲ್ಲಿಸುವ ಜಾಗದ ಕಂಬಗಳು. ಸಮುದ್ರದ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಲುಪಿದರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಕಂದು ಕಲೆ, ಕೊನೆಗೆ ಹೊರಪದರವೇ ಚಕ್ಕೆಚಕ್ಕೆಯಾಗಿ ಉದುರುವುದು. ನಮ್ಮ ಎರಡು ಕಂಬಗಳು ಈಗ ಕಂದು ಕಲೆಯ ಹಂತದಲ್ಲಿವೆ. ಕಳೆದ ವರ್ಷದ ಮಳೆಗಾಲದಲ್ಲಿ ಬಿರುಕನ್ನು ಕಂಡು ಯಾರಾದರೂ ಅದರ ಅಗಲವನ್ನು ಅಳೆದು ಬರೆದಿದ್ದರೆ, ಈ ವರ್ಷ ಮತ್ತೆ ಅಳೆದು, ಎಷ್ಟು ಬೆಳೆದಿದೆಯೆಂದು ಹೇಳಬಹುದಿತ್ತು. ಈಗ ಹೋಲಿಸಲು ಏನೂ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿ ನೀರಿಗೆ ಬಿದ್ದದ್ದನ್ನು ಕಂಡ ಊರು ನಮ್ಮದು. ಆ ಕುಸಿತಕ್ಕೂ ನಮ್ಮ ಕಂಬಗಳಿಗೂ ನಂಟು ಕಟ್ಟಲು ನಾನು ಎಂಜಿನಿಯರನಲ್ಲ. ಆದರೆ ಕಾಂಕ್ರೀಟು ಶಾಶ್ವತವೆಂದು ನಂಬಿ ಕೂರುವ ಹಕ್ಕು ಕಾರವಾರದವರಿಗೆ ಇನ್ನಿಲ್ಲ.

ಸಮಿತಿಯ ಸಭೆಯಲ್ಲಿ ಇದನ್ನೆಲ್ಲ ಎತ್ತಿದಾಗ ಸಿಕ್ಕ ಉತ್ತರ: "ವರದಿಯಲ್ಲಿ ಎಲ್ಲವೂ ಸರಿ ಇದೆಯಲ್ಲ, ನಿಮ್ಮದೇನು ತಕರಾರು?" ವರದಿಯೇ ನನ್ನ ತಕರಾರು ಎಂಬುದನ್ನು ಅವರಿಗೆ ಮುಟ್ಟಿಸಲು ಅರ್ಧ ಗಂಟೆ ಹಿಡಿಯಿತು. ನಾನು ಕೇಳಿದ್ದು ದೊಡ್ಡದೇನೂ ಅಲ್ಲ. "ತೃಪ್ತಿಕರ" ಎಂಬ ಪದವನ್ನು ಪಟ್ಟಿಯಿಂದ ಕಿತ್ತುಹಾಕಿ, ಅದರ ಜಾಗದಲ್ಲಿ ಅಂಕಿ ಬರೆಯಿಸಿ. ಸಂಪು ತೊಳೆದ ದಿನಾಂಕ, ಜನರೇಟರಿನ ಗಂಟೆ, ಬಿರುಕಿನ ಅಗಲ. ಫೋಟೋದ ಮೇಲೆ ದಿನ ಮತ್ತು ವೇಳೆ ಮೂಡಿರಲಿ, ಅಂಥ ಸೌಲಭ್ಯ ಇಂದು ಪ್ರತಿ ಫೋನಿನಲ್ಲೂ ಸಿಗುತ್ತದೆ. ಪರಿಶೀಲಕರು ಬಂದಾಗ ನಿವಾಸಿಯೊಬ್ಬರು ಜೊತೆಗೆ ಸುತ್ತಿ ಸಹಿ ಹಾಕಲಿ. ಮಳೆಗಾಲಕ್ಕೆ ಮುಂಚೆ ಮತ್ತು ಆನಂತರ, ವರ್ಷಕ್ಕೆರಡು ಸಲವಾದರೂ, ಈ ಸಂಸ್ಥೆಯೊಂದಿಗೆ ಯಾವ ವ್ಯವಹಾರವೂ ಇಲ್ಲದ ಎಂಜಿನಿಯರೊಬ್ಬರಿಂದ ಕಟ್ಟಡವನ್ನು ನೋಡಿಸಿ. ಖರ್ಚು ಜಾಸ್ತಿಯಾಗುತ್ತದೆಂದು ಖಜಾಂಚಿಯವರು ತಲೆ ಅಲ್ಲಾಡಿಸಿದರು. ಹದಿನಾಲ್ಕು ತಿಂಗಳು ಸುಳ್ಳಿಗೆ ಹಣ ಕೊಟ್ಟದ್ದು ಯಾವ ಖರ್ಚಿನಡಿ ಬರುತ್ತದೆಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ, ಚಹಾ ಬಂತು.

ಕೊನೆಗೆ ನಾನೇ ಸಂಸ್ಥೆಗೆ ಪತ್ರ ಬರೆದು, ಆಗಸ್ಟ್ ವರದಿಯ ಫೋಟೋವನ್ನೂ, ಜೂನ್‌ನಲ್ಲಿ ನಾನು ತೆಗೆದಿದ್ದ ಬಿದ್ದ ಮರದ ಫೋಟೋವನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಪತ್ರಕ್ಕೆ ಉತ್ತರವಿಲ್ಲ. ಸೆಪ್ಟೆಂಬರ್ ತಿಂಗಳ ವರದಿ ಮಾತ್ರ, ಮೂವತ್ತರ ದಿನಾಂಕ ಹೊತ್ತು, ಇಪ್ಪತ್ತಾರಕ್ಕೇ ಬಂತು. ನಾಲ್ಕನೆಯ ಪುಟ ತೆರೆದು ನೋಡಿದೆ. ಈ ಬಾರಿ ಫೋಟೋ ಇಲ್ಲ, ಚೌಕ ಖಾಲಿ ಬಿಟ್ಟಿದ್ದಾರೆ. ಅದರ ಕೆಳಗೆ "ತಾರಸಿ, ಸೋರಿಕೆ ಇಲ್ಲ, ತೃಪ್ತಿಕರ" ಎಂದಿದೆ.