ಮೂವತ್ತೇಳು ಹಪ್ಪಳ

ನಮ್ಮನೆಯಲ್ಲಿ ನಾನು ಸ್ಪ್ಯಾನರ್ ಕೈಗೆತ್ತಿಕೊಂಡರೆ ಸಾಕು, ಅಡುಗೆಮನೆಯಿಂದ "ಮೂವತ್ತೇಳು" ಅಂತ ಒಂದು ದನಿ ಬರುತ್ತದೆ. ಬೈಗುಳ ಇಲ್ಲ, ವಿವರಣೆಯೂ ಇಲ್ಲ. ಬರೀ ಮೂವತ್ತೇಳು.

ನನಗೀಗ 68. ಸಾಗರದ ಹತ್ತಿರದ ಹಳ್ಳಿಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ, ಮೇಷ್ಟರ ಪಿಂಚಣಿ, ಜೊತೆಗೆ ಒಂದು ಯೆಜ್ಡಿ ಬೈಕು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ನನ್ನ ಗಾಡಿ ಇನ್ನೂ ಹಾಕಿಲ್ಲ. ಎರಡು ಸೈಲೆನ್ಸರ್, ಎಡಗಡೆ ಒಂದೇ ಲಿವರ್. ಅದನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮಡಚಿದರೆ ಗೇರು. ನಮ್ಮ ಅಳಿಯ ಮೊದಲ ಸಲ ಓಡಿಸುತ್ತೇನೆ ಅಂತ ಹತ್ತಿದವನು ಬಲಗಡೆ ಐದು ನಿಮಿಷ ಕಿಕ್ಕರ್ ಹುಡುಕಿದ, ಸಿಗಲಿಲ್ಲ, ಮರ್ಯಾದೆಯಿಂದ ಇಳಿದು ಕಾಫಿ ಕುಡಿಯಲು ಒಳಗೆ ಹೋದ.

ಈಗ ಹಪ್ಪಳದ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳು. ಹಲಸಿನಕಾಯಿ ಬೇಯಿಸಿ, ರುಬ್ಬಿ, ಒತ್ತಿ, ಅಂಗಳದ ತುಂಬ ಚಾಪೆ ಹಾಸಿ ನಮ್ಮವಳು ಹಪ್ಪಳ ಹರವಿದ್ದಳು. ನಾನು ಅದೇ ಅಂಗಳದ ಇನ್ನೊಂದು ತುದಿಯಲ್ಲಿ ಗಾಡಿಯ ಪಾಯಿಂಟು ಬಿಚ್ಚಿ ಕೂತಿದ್ದೆ. ಪಾಯಿಂಟು ಅಂದರೆ ತೆರೆದಾಗ ಎಂಜಿನ್ನಿಗೆ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು, ಅದರ ಗ್ಯಾಪು 0.4 ಮಿಲಿಮೀಟರ್ ಇರಬೇಕು. ಅಳೆಯುವ ಫೀಲರ್ ಗೇಜನ್ನು ಎಲ್ಲೋ ಇಟ್ಟು ಮರೆತಿದ್ದೆ. ಹುಡುಕಲು ಬೇಜಾರು. ಕೈಗೆ ಸಿಕ್ಕ ಮದುವೆ ಕರೆಯೋಲೆಯನ್ನೇ ಹರಿದು ಗ್ಯಾಪಿಗೆ ತೂರಿಸಿದೆ. ಯಾರೋ ದುಡ್ಡಿದ್ದವರ ಮನೆ ಮದುವೆ, ಕಾರ್ಡು ಜಾಸ್ತಿಯೇ ದಪ್ಪ ಇತ್ತು. ಇದು ನನಗೆ ಆಮೇಲೆ ಹೊಳೆದದ್ದು.

ಗ್ಯಾಪು ಜಾಸ್ತಿಯಾದರೆ ಪಾಯಿಂಟು ಬೇಗ ತೆರೆಯುತ್ತದೆ, ಕಿಡಿಯೂ ಬೇಗ ಹಾರುತ್ತದೆ. ಪಿಸ್ಟನ್ ಇನ್ನೂ ಮೇಲೆ ಹತ್ತುತ್ತಿರುವಾಗಲೇ ಕಿಡಿ ಬಿದ್ದು, ಕಿಕ್ಕು ಬೇರೆ ಮೆಲ್ಲಗಿದ್ದರೆ, ಪಿಸ್ಟನ್ ಬಂದ ದಾರಿಯಲ್ಲೇ ವಾಪಸ್. ಫೋರ್ ಸ್ಟ್ರೋಕ್ ಗಾಡಿಯಾದರೆ ಅಲ್ಲಿಗೇ ಕೆಮ್ಮಿ ಸುಮ್ಮನಾಗುತ್ತದೆ, ಅದರ ವಾಲ್ವುಗಳು ಉಲ್ಟಾ ಓಡಲು ಬಿಡುವುದಿಲ್ಲ. ನನ್ನ ಯೆಜ್ಡಿಯಂಥ ಟೂ ಸ್ಟ್ರೋಕಿಗೆ ಆ ತಕರಾರಿಲ್ಲ. ಸಿಲಿಂಡರಿನಲ್ಲಿ ಇರುವುದು ಬರೀ ಕಿಂಡಿಗಳು, ಪಿಸ್ಟನ್ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಎಂಜಿನ್ ಯಾವ ಕಡೆಗೆ ತಿರುಗಿದರೂ ಅವಕ್ಕೆ ಒಂದೇ.

ಮೊಣಕಾಲು ನೋವು, ಹಾಗಾಗಿ ಕಿಕ್ಕು ಮೆಲ್ಲಗೇ ಹೊಡೆದೆ. ಸ್ಟಾರ್ಟ್ ಆಯಿತು. ಶಬ್ದ ಒಂಚೂರು ಬೇರೆ ಥರ ಇತ್ತು, ಹೊಸ ಟ್ಯೂನಿಂಗ್ ಅಲ್ವಾ ಅಂತ ಖುಷಿಯೇ ಆಯಿತು. "ನೋಡೇ, ಒಂದೇ ಕಿಕ್ಕು!" ಅಂತ ಕೂಗಿದೆ. ಅವಳು ಬಾಗಿಲಿಗೆ ಬಂದಳು. ಫಸ್ಟ್ ಗೇರು ಹಾಕಿ, ದಣಪೆಯ ಕಡೆ ಮುಖ ಮಾಡಿ, ಕ್ಲಚ್ಚು ಬಿಟ್ಟೆ.

ಗಾಡಿ ಹಿಂದಕ್ಕೆ ಹೋಯಿತು.

ಅಂಥ ಹೊತ್ತಿನಲ್ಲಿ ಮನುಷ್ಯ ಬ್ರೇಕ್ ಒತ್ತಬೇಕು. ನಾನು ಎಕ್ಸಲೇಟರ್ ತಿರುಗಿಸಿದೆ, ಇನ್ನೂ ಸ್ವಲ್ಪ ಪೆಟ್ರೋಲ್ ಸಿಕ್ಕರೆ ಅದಕ್ಕೆ ಬುದ್ಧಿ ಬಂದೀತು ಅನ್ನುವ ಹಾಗೆ. ಮುಖ ರಸ್ತೆಯ ಕಡೆ, ಸವಾರಿ ಕೊಟ್ಟಿಗೆಯ ಕಡೆ, ನಡುವೆ ನಾಲ್ಕು ಚಾಪೆ. ಕೊಟ್ಟಿಗೆಯ ಗೋಡೆಗೆ ನಂಬರ್ ಪ್ಲೇಟು ತಾಗಿದಾಗ ಎಂಜಿನ್ ನಿಂತಿತು. ನಾನು ಬೀಳಲಿಲ್ಲ, ಇದನ್ನು ಯಾರೂ ಗಮನಿಸಲಿಲ್ಲ. ನಮ್ಮವಳು ಚಾಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಎಣಿಸುತ್ತಿದ್ದಳು. ಟೈರಿನ ಗುರುತು ಹಸಿ ಹಪ್ಪಳದ ಮೇಲೆ ಎಷ್ಟು ಚೆನ್ನಾಗಿ ಮೂಡಿತ್ತು ಅಂದರೆ ಕಂಪನಿಯ ಹೆಸರೊಂದೇ ಬಾಕಿ. ಮೂವತ್ತೇಳನ್ನೂ ದನಕ್ಕೆ ಹಾಕಿದೆವು. ದನ ಏನೂ ಅನ್ನಲಿಲ್ಲ.

ಇಷ್ಟಾದ ಮೇಲಾದರೂ ಸುಮ್ನಿರಬೇಕಿತ್ತು. ಮಳೆಗಾಲ ಹಿಡಿದ ಮೇಲೆ ಒಂದು ರಾತ್ರಿಯ ಗಾಳಿಗೆ ಹಲಸಿನ ಮರದ ದೊಡ್ಡ ಕೊಂಬೆ ದಾರಿಗೆ ಅಡ್ಡ ಬಿತ್ತು. ನನ್ನ ಹತ್ತಿರ ಮರ ಕೊಯ್ಯುವ ಮಿಷನ್ ಇದೆ ಅಂತ ಊರಿಗೆಲ್ಲ ಗೊತ್ತು, ನಾನೇ ಹೇಳಿಕೊಂಡು ತಿರುಗಿದ್ದು. ಹಿಂದಿನ ದಿನವಷ್ಟೇ ದುಂಡನೆಯ ಅರ ಹಿಡಿದು ಅದರ ಚೈನಿನ ಒಂದೊಂದು ಹಲ್ಲನ್ನೂ ಮಸೆದಿದ್ದೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದೂ ಕಣ್ಣಂದಾಜಲ್ಲ. ಲೀಟರಿಗೆ 20 ಎಂಎಲ್, ಮೊಮ್ಮಗಳ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು. ಆ ಮುಚ್ಚಳ ಅವಳ ಔಷಧಿಗೆ ವಾಪಸ್ ಹೋಗಲಿಲ್ಲ ಬಿಡಿ, ಅಷ್ಟು ಬುದ್ಧಿ ಇದೆ.

ಬೆಳಿಗ್ಗೆ ಆರೇಳು ಜನ ಸೇರಿದ್ದರು. ಕನ್ನಡಕ, ಗ್ಲೋವ್ಸು, ಗಮ್ ಬೂಟು ಹಾಕಿ ಹೋದೆ. ಹಗ್ಗ ಎಳೆದೆ, ಗರ್ರ್ ಅಂದಿತು. ಕೊಂಬೆಗೆ ಇಟ್ಟೆ. ಹಿಟ್ಟಿನ ಹಾಗೆ ಮರದ ಪುಡಿ ಹಾರಬೇಕು. ಹಾರಿದ್ದು ಹೊಗೆ. ಒತ್ತಿದೆ, ಇನ್ನೂ ಹೊಗೆ. ಕೊಂಬೆಯ ಮೇಲೆ ಬೆರಳುದ್ದದ ಕಪ್ಪು ಗೆರೆ ಬಿತ್ತು, ಹೋಮದ ಮನೆಯ ವಾಸನೆ ಬಂತು. "ಹಲಸು ಗಟ್ಟಿ ಮರ" ಅಂತ ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು. ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವವನು ಮಾತ್ರ ಬಗ್ಗಿ ಮಿಷನ್ನನ್ನೇ ನೋಡುತ್ತಿದ್ದ.

"ಮೇಷ್ಟ್ರೇ, ಹಲ್ಲು ನಿಮ್ಮ ಕಡೆ ನೋಡ್ತಾ ಇದಾವಲ್ಲ?"

ಚೈನನ್ನು ಉಲ್ಟಾ ಹಾಕಿದ್ದೆ. ಪಟ್ಟಿಯ ಮೇಲ್ಗಡೆ ಹಲ್ಲಿನ ಹರಿತದ ಬದಿ ತುದಿಯ ಕಡೆ ಇರಬೇಕು, ನನ್ನದು ನನ್ನನ್ನೇ ನೋಡುತ್ತಿತ್ತು. ಹಲ್ಲಿನ ಬೆನ್ನಿನಿಂದ ಮರ ಉಜ್ಜಿದರೆ ಇನ್ನೇನಾಗುತ್ತದೆ. ನಾನು ನಟ್ಟು ಬಿಚ್ಚಿ ಚೈನು ತಿರುಗಿಸಿ ಹಾಕುವಷ್ಟರಲ್ಲಿ ಅವನು ಕೊಡಲಿಯಲ್ಲಿ ಅರ್ಧ ಕೊಂಬೆ ಕಡಿದಾಗಿತ್ತು. ಉಳಿದರ್ಧವನ್ನು ನನ್ನ ಮಿಷನ್ ಎರಡು ನಿಮಿಷದಲ್ಲಿ ಕೊಯ್ದಿತು, ಬೆಣ್ಣೆಯ ಹಾಗೆ. ಆದರೆ ಅದನ್ನು ನೋಡಲು ಯಾರೂ ಇರಲಿಲ್ಲ, ಎಲ್ಲರೂ ನಮ್ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಹೊಗೆಯ ಕಥೆ ನನಗಿಂತ ಮೊದಲೇ ಮನೆ ಸೇರಿತ್ತು.

ಫೀಲರ್ ಗೇಜು ಆಮೇಲೆ ಸಿಕ್ಕಿತು, ಪಂಚಾಂಗದ ಒಳಗೆ. ಪಾಯಿಂಟು ಈಗ ಸರಿಯಾಗಿದೆ, ಯೆಜ್ಡಿ ಮುಂದಕ್ಕೇ ಹೋಗುತ್ತದೆ. ಆದರೆ ಮದುವೆ, ಮುಂಜಿ ಅಂತ ಇಬ್ಬರೂ ಹೊರಟಾಗ ನಮ್ಮವಳು ತಕ್ಷಣ ಹತ್ತುವುದಿಲ್ಲ. ನಾನು ಸ್ಟಾರ್ಟ್ ಮಾಡಿ, ಗೇರು ಹಾಕಿ, ನಾಲ್ಕಡಿ ಹೋಗಿ ನಿಲ್ಲಿಸಬೇಕು. ಅವಳು ಜಗಲಿಯ ಮೇಲೆ ನಿಂತು ನೋಡುತ್ತಾಳೆ, ಯಾವ ಕಡೆ ಹೋಗುತ್ತದೆ ಅಂತ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಹತ್ತುತ್ತಾಳೆ.