ಬೀಳು ಬಿಟ್ಟ ಹೊಲ ತಾನಾಗಿಯೇ ವಸತಿ ಜಮೀನಾಗುವುದೇ?

ನಗರದಂಚಿನ ಹೊಲವನ್ನು ಕೆಲವು ವರ್ಷ ಬೀಳು ಬಿಟ್ಟರೆ ಅದು ತಾನಾಗಿಯೇ ವಸತಿ ಜಮೀನಾಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ಸರಿಯಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಪರಿವರ್ತನೆ ಆಗಬೇಕು. ಕೆಲವು ವಿನಾಯಿತಿಗಳಿದ್ದರೂ ಉಳುಮೆ ನಿಲ್ಲಿಸಿದ್ದು ಅವುಗಳಲ್ಲೊಂದಲ್ಲ. ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ಜಾಗ ಕೃಷಿ ವಲಯದಲ್ಲಿದ್ದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಭೂ ಉಪಯೋಗ ಬದಲಾವಣೆಯ ಪ್ರಶ್ನೆಯೂ ಏಳುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ‘ಬೀಳು’ ಎಂದಿದ್ದರೆ ಅದು ಆ ಹಂಗಾಮಿನ ಸ್ಥಿತಿಯಷ್ಟೇ.

ಇಂಥ ಸಂದೇಶ ಕಳಿಸುವವರಲ್ಲಿ ಹೆಚ್ಚಿನವರು ಬಂಧುಗಳ ಒಳಿತನ್ನೇ ಬಯಸಿರುತ್ತಾರೆ. ಆದರೂ ಇಂಥ ಜಾಗಕ್ಕೆ ಜೀವಮಾನದ ಉಳಿತಾಯ ಹಾಕುವ ಮುನ್ನ ಸರ್ವೆ ನಂಬರ್ ಹಿಡಿದು ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಿ, ಯೋಜನಾ ಪ್ರಾಧಿಕಾರದಲ್ಲಿ ವಲಯ ವಿಚಾರಿಸಿ, ಪರಿವರ್ತನಾ ಆದೇಶದ ಪ್ರತಿ ಪಡೆದು ಅದರಲ್ಲಿನ ವಿಸ್ತೀರ್ಣ ಮತ್ತು ಉದ್ದೇಶವನ್ನು ಓದಿಕೊಳ್ಳಿ.